ಮೂಲೆಯಲ್ಲಿ ನಿಂತು ನಕ್ಕವನು

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆ ತಾನೇ? ಇವತ್ತು ಮಾತಾಡಬೇಕಾಗಿರುವುದು ನಮ್ಮ ಕಿವಿಗೆ ಸರಿಯಾಗಿ ಕೇಳಿಸದೇ ಹೋದ ಒಬ್ಬ ವಾದ್ಯಗಾರನ ಬಗ್ಗೆ, ಅದಕ್ಕೇ ವಿಚಾರಿಸಿದೆ.

ನಮ್ಮ ಮನೆಯಲ್ಲಿ ಒಂದು ಪುಟ್ಟ ಟೇಪ್ ರೆಕಾರ್ಡರ್ ಇತ್ತು. ಅದರ ಸ್ಪೀಕರ್ ಅಂಗೈಯಗಲ. ಅದರಲ್ಲಿ ಇಂಗ್ಲೆಂಡಿನ ಕ್ವೀನ್ ಅನ್ನುವ ರಾಕ್ ಬ್ಯಾಂಡಿನ ಕ್ಯಾಸೆಟ್ಟನ್ನು ಟೇಪು ಸವೆಯುವವರೆಗೆ ಕೇಳಿದ್ದೇನೆ. ಫ್ರೆಡ್ಡಿ ಮರ್ಕ್ಯುರಿಯ ಗಂಟಲು, ಬ್ರಯಾನ್ ಮೇಯ ಗಿಟಾರ್, ರೋಜರ್ ಟೇಲರನ ಡ್ರಮ್, ಎಲ್ಲ ಕೇಳುತ್ತಿತ್ತು. ನಾಲ್ಕನೆಯವನೊಬ್ಬ ಇದ್ದಾನೆ ಅಂತ ಕ್ಯಾಸೆಟ್ಟಿನೊಳಗಿನ ಕಾಗದ ಹೇಳುತ್ತಿತ್ತು, ಕಿವಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಅವನದು ಬೇಸ್ ಗಿಟಾರ್, ಅಂದರೆ ತಗ್ಗಿನ ಸ್ವರಗಳ ಗಿಟಾರ್. ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ಕೆಳಗಿನ ಸ್ವರ ಹೊರಡಿಸೋದು ಅಂಗೈಯಗಲದ ಸ್ಪೀಕರಿನ ಕೈಲಾಗದ ಕೆಲಸ. ಕಾಲೇಜಿಗೆ ಹೋದ ಮೇಲೆ ಹಾಸ್ಟೆಲ್ಲಿನ ಗೆಳೆಯನೊಬ್ಬ ತನ್ನ ಹೆಡ್‌ಫೋನ್ ತಂದು ನನ್ನ ತಲೆಗೆ ಸಿಕ್ಕಿಸಿದ. ಅದೇ ಹಾಡು. ಆದರೆ ಕೆಳಗಡೆ ಯಾರೋ ಓಡಾಡುತ್ತಿದ್ದಾರೆ! ವರ್ಷಗಟ್ಟಲೆ ಬಾಡಿಗೆಗಿದ್ದ ಮನೆಯ ಕೆಳಗೆ ಇನ್ನೊಂದು ಸಂಸಾರ ಇದೆ ಅಂತ ಈಗ ಗೊತ್ತಾದ ಹಾಗಾಯ್ತು.

ಆ ಕೆಳಮನೆಯವನ ಹೆಸರು ಜಾನ್ ಡೀಕನ್. ಅಭಿಮಾನಿಗಳಿಗೆ ಡೀಕಿ. 1951ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಹುಟ್ಟಿದವನು. ಹನ್ನೊಂದನೇ ವಯಸ್ಸಿಗೇ ಅಪ್ಪನನ್ನು ಕಳೆದುಕೊಂಡ. ಲಂಡನ್ನಿನ ಚೆಲ್ಸಿ ಕಾಲೇಜಿಗೆ ಎಲೆಕ್ಟ್ರಾನಿಕ್ಸ್ ಓದಲು ಬಂದು 1971ರಲ್ಲಿ ಕ್ವೀನ್ ಸೇರಿದ. ಅಷ್ಟರಲ್ಲಿ ಆ ಬ್ಯಾಂಡಿನಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಬೇಸ್ ನುಡಿಸುವವರು ಬಂದು ಹೋಗಿದ್ದರು. ಇವನು ನಿಂತ. ಜಾಸ್ತಿ ಮಾತಾಡುತ್ತಿರಲಿಲ್ಲ, ಅದೂ ಒಂದು ಕಾರಣ. ಉಳಿದ ಮೂವರೂ ದೊಡ್ಡ ಬಾಯಿಯವರು. ಅಲ್ಲಿ ಇನ್ನೊಂದು ಬಾಯಿಗೆ ಜಾಗ ಎಲ್ಲಿತ್ತು? 1973ರ ಮೊದಲ ಆಲ್ಬಮ್ಮಿನಲ್ಲಿ ಅವನ ಹೆಸರನ್ನು ತಿರುಗಿಸಿ 'ಡೀಕನ್ ಜಾನ್' ಅಂತ ಅಚ್ಚು ಹಾಕಿಬಿಟ್ಟರು. ಹಾಗೆ ಇದ್ದರೆ ಗತ್ತು ಅಂತೆ. ಮುಂದಿನ ಆಲ್ಬಮ್ಮಿಗೆ ಅವನು ಅದನ್ನು ಸರಿಮಾಡಿಸಿಕೊಂಡ.

ಕ್ವೀನಿನ ನಾಲ್ವರಲ್ಲಿ ಒಂದು ಹಾಡನ್ನೂ ಮುಂದೆ ನಿಂತು ಹಾಡದವನು ಇವನೊಬ್ಬನೇ. ಆದರೆ ಹಾಡು ಬರೆದ. ಸುಮ್ಮಸುಮ್ಮನೆ ಬರೆದದ್ದಲ್ಲ. ಬ್ಯಾಂಡಿಗೆ ಅಮೆರಿಕದಲ್ಲಿ ನಂಬರ್ ಒನ್ ತಂದುಕೊಟ್ಟ ಹಾಡುಗಳಲ್ಲಿ ಒಂದು ಅವನದು.

ಆ ಹಾಡನ್ನು ಈಗ ಸ್ವಲ್ಪ ಹಾಕುತ್ತೇನೆ. 'ಅನದರ್ ಒನ್ ಬೈಟ್ಸ್ ದಿ ಡಸ್ಟ್', 1980. ಈ ಸ್ಪೀಕರ್ ಪರವಾಗಿಲ್ಲ, ಸಭಾಂಗಣದವರು ಒಳ್ಳೇದೇ ಕೊಟ್ಟಿದ್ದಾರೆ. ಕೇಳಿ. ದುಂ. ದುಂ. ದುಂ. ಆಮೇಲೆ ಖಾಲಿ. ಆ ಖಾಲಿ ಇದೆಯಲ್ಲ, ಅಲ್ಲಿ ನಿಮ್ಮ ಕತ್ತು ತಾನಾಗೇ ಆಡಿತು. ಮೂರನೇ ಸಾಲಿನಲ್ಲಿ ಕೂತ ಹಿರಿಯರ ಕತ್ತೂ ಆಡಿತು, ನಾನು ನೋಡಿದೆ ಸಾರ್.

ಇದು ರಾಕ್ ಬ್ಯಾಂಡಿನವರು ಮಾಡುವ ಹಾಡೇ ಅಲ್ಲ. ಡೀಕಿಗೆ ಇಷ್ಟವಾಗಿದ್ದು ಕರಿಯರ ಡ್ಯಾನ್ಸ್ ಸಂಗೀತ. ನ್ಯೂಯಾರ್ಕಿನ ಶೀಕ್ ಅನ್ನುವ ಡಿಸ್ಕೋ ಬ್ಯಾಂಡಿನವರ ಜೊತೆ ಸ್ಟುಡಿಯೋದಲ್ಲಿ ಹೋಗಿ ಕೂತಿದ್ದ. ಅಲ್ಲಿ ಬೇಸ್ ನುಡಿಸುತ್ತಿದ್ದ ಬರ್ನಾರ್ಡ್ ಎಡ್ವರ್ಡ್ಸನ ಕೈಚಳಕ ಇವನ ತಲೆಗೆ ಹತ್ತಿತ್ತು. ಮ್ಯೂನಿಕ್ಕಿನ ಸ್ಟುಡಿಯೋದಲ್ಲಿ ಈ ಹಾಡು ಮಾಡುವಾಗ ಡ್ರಮ್ಮಿನ ಗದ್ದಲ ಬೇಡ, ಒಣ ಸದ್ದು ಬೇಕು ಅಂತ ಹಟ ಹಿಡಿದ. ರೋಜರ್ ಟೇಲರಿಗೆ ಇದು ಹಿಡಿಸಲಿಲ್ಲ. ಸಿಡಿಲಿನ ಹಾಗೆ ಬಾರಿಸುವವನಿಗೆ ಡ್ರಮ್ಮಿನೊಳಗೆ ಕಂಬಳಿ ತುರುಕು ಅಂದರೆ ಸಿಟ್ಟು ಬರಲ್ವಾ? ಆದರೂ ತುರುಕಿದರು. ಹಾಡಿನಲ್ಲಿರುವ ಗಿಟಾರ್, ಪಿಯಾನೊ ಎಲ್ಲ ಹೆಚ್ಚುಕಡಿಮೆ ಡೀಕಿಯೇ ನುಡಿಸಿದ್ದು. ಕೊನೆಗೆ ಮೈಕೆಲ್ ಜಾಕ್ಸನ್ ಬಂದು, ಇದೊಂದೇ ಹಾಡನ್ನು ಬೇರೆ ರೆಕಾರ್ಡಾಗಿ, ಸಿಂಗಲ್ ಆಗಿ ಬಿಡಿ ಅಂತ ಹೇಳಬೇಕಾಯಿತು. ಬಿಟ್ಟರು. ಅಮೆರಿಕದ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನ. ಗಲಾಟೆ ಮಾಡದೇ ಬ್ಯಾಂಡನ್ನೇ ತನ್ನ ದಾರಿಗೆ ಎಳೆದುಕೊಂಡವನನ್ನು ಪಾಪದವನು ಅಂತ ಹೇಗೆ ಹೇಳೋದು?

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, 'ಮಳ್ಳೀ ಮಳ್ಳೀ ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು' ಅಂತ. ಡೀಕಿ ಆ ಜಾತಿ. ಐದು ವರ್ಷ ಹಿಂದಕ್ಕೆ ಹೋಗೋಣ. 1975ರಲ್ಲಿ ಮದುವೆಯಾದ ಹೊಸತರಲ್ಲಿ ಹೆಂಡತಿಗಾಗಿ 'ಯು ಆರ್ ಮೈ ಬೆಸ್ಟ್ ಫ್ರೆಂಡ್' ಬರೆದ. ಅದಕ್ಕೆ ವುರ್ಲಿಟ್ಜರ್ ಅನ್ನುವ ಎಲೆಕ್ಟ್ರಿಕ್ ಪಿಯಾನೊ ಬೇಕು ಅಂದ. ಫ್ರೆಡ್ಡಿಗೆ ಆ ವಾದ್ಯ ಕಂಡರಾಗದು. ತಗಡಿನ ಸದ್ದು, ಚಂದದ ದೊಡ್ಡ ಪಿಯಾನೊ ಇರುವಾಗ ಇದನ್ಯಾಕೆ ಮುಟ್ಟಲಿ ಅಂತ ಅವನ ವಾದ. ಡೀಕಿ ಜಗಳ ಆಡಲಿಲ್ಲ. ತಾನೇ ಅದನ್ನು ಕಲಿತು ರೆಕಾರ್ಡಿಂಗಿನಲ್ಲಿ ತಾನೇ ನುಡಿಸಿದ. ಇವತ್ತಿಗೂ ಆ ಹಾಡು ಶುರುವಾಗೋದು ಆ 'ತಗಡಿ'ನಿಂದಲೇ.

ನನಗೆ ಇದಕ್ಕಿಂತ ಇಷ್ಟದ ಕತೆ ಇನ್ನೊಂದಿದೆ. ಲಂಡನ್ನಿನ ಬೀದಿಯಲ್ಲಿ, ಕಟ್ಟಡದ ಕಸ ತುಂಬುವ ದೊಡ್ಡ ತೊಟ್ಟಿಯೊಂದರಿಂದ ವೈರುಗಳು ನೇತಾಡುತ್ತಿದ್ದವು. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಇವನು ನಿಂತು ಎಳೆದ. ಯಾವುದೋ ಹಳೇ ರೇಡಿಯೋದ ಸರ್ಕ್ಯೂಟ್ ಬೋರ್ಡ್ ಬಂತು. ಮನೆಗೆ ಒಯ್ದು, ಪುಸ್ತಕದ ಕಪಾಟಿನಲ್ಲಿ ಇಡುವಂಥ ಸಣ್ಣ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ, ಒಂಬತ್ತು ವೋಲ್ಟಿನ ಬ್ಯಾಟರಿ ಸಿಕ್ಕಿಸಿದ. ವಾಲ್ಯೂಮ್ ತಿರುಪೂ ಇಲ್ಲ, ಟೋನ್ ತಿರುಪೂ ಇಲ್ಲ. ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್ ಅದು, ಮನೆಯಲ್ಲಿ ಅಭ್ಯಾಸಕ್ಕೆ ಇರಲಿ ಅಂತ ಮಾಡಿಕೊಂಡಿದ್ದು. ಬ್ರಯಾನ್ ಮೇ ಅದಕ್ಕೆ ತನ್ನ ಗಿಟಾರ್ ಸಿಕ್ಕಿಸಿ ನೋಡಿದ. ಪಿಟೀಲಿನ ಹಾಗೆ, ತುತ್ತೂರಿಯ ಹಾಗೆ ಹಾಡತೊಡಗಿತು. 'ಗುಡ್ ಕಂಪನಿ' ಹಾಡಿನಲ್ಲಿ ಇಡೀ ಜಾಝ್ ವಾದ್ಯಗೋಷ್ಠಿ ಕೇಳುತ್ತದಲ್ಲ, ಅದು ವಾದ್ಯಗೋಷ್ಠಿ ಅಲ್ಲ. ಒಂದು ಗಿಟಾರ್, ಮತ್ತೆ ಈ ತಿಪ್ಪೆಯ ಪೆಟ್ಟಿಗೆ. 'ಡೀಕಿ ಆಂಪ್' ಅಂತ ಅದಕ್ಕೆ ಹೆಸರಾಯ್ತು. ಈಗ ಜನ ಅದರ ನಕಲನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ!

ಇಷ್ಟೆಲ್ಲ ಮಾಡುವವನಿಗೆ ಮರೆವೂ ಇತ್ತು. 1981ರಲ್ಲಿ ಸ್ವಿಟ್ಜರ್ಲೆಂಡಿನ ಮೊಂತ್ರೂ ಊರಿನಲ್ಲಿ ಹಾಡುಗಾರ ಡೇವಿಡ್ ಬೋವಿ ಜೊತೆ ಕೂತು 'ಅಂಡರ್ ಪ್ರೆಶರ್' ಮಾಡುತ್ತಿದ್ದರು. ಆ ಹಾಡಿನ ಬೇಸ್ ಸಾಲು ಹೊಳೆದ ಮೇಲೆ ಎಲ್ಲರೂ ಪಿಜ್ಜಾ ತಿನ್ನಲು ಹೋದರಂತೆ. ವಾಪಸ್ ಬಂದರೆ ಡೀಕಿಗೆ ಅದು ಪೂರ್ತಿ ಮರೆತುಹೋಗಿದೆ. ಪುಣ್ಯಕ್ಕೆ ರೋಜರ್ ಟೇಲರಿಗೆ ನೆನಪಿತ್ತು. ಡ್ರಮ್ ಬಾರಿಸುವವನು ಬೇಸ್ ನುಡಿಸುವವನಿಗೆ ಅವನದೇ ಸಾಲನ್ನು ಹೇಳಿಕೊಟ್ಟ. ಅದನ್ನು ಹೊಳೆಸಿದ್ದು ಬೋವಿ ಅಂತ ಡೀಕಿಯೇ ಹೇಳಿದ್ದೂ ಉಂಟು. ಜಗತ್ತೇ ಗುನುಗುವ ಏಳು ಸ್ವರ. ನನ್ನದು ಅನ್ನೋಕೆ ಯಾರಾದರೂ ಹೊಡೆದಾಡುತ್ತಾರೆ. ಇವನು ಪಕ್ಕದವನ ಕಡೆ ಕೈ ತೋರಿಸುತ್ತಾನೆ.

ಅಭಿಮಾನಿಗಳು ಯಾಕೆ ಇವನ ಮೇಲೆ ಪ್ರಾಣ ಇಟ್ಟುಕೊಂಡಿದ್ದಾರೆ ಅಂತ ನನ್ನ ಮಗಳು ಕೇಳಿದಳು. 2018ರ ಸಿನಿಮಾ ನೋಡಿ ಕ್ವೀನ್ ಹುಚ್ಚು ಹತ್ತಿಸಿಕೊಂಡವಳು ಅವಳು. ನಾನು ಅವರ ಒಂದು ಹಳೇ ಸಂಗೀತ ಕಚೇರಿಯ ವಿಡಿಯೋ ಹಾಕಿ, ಫ್ರೆಡ್ಡಿಯನ್ನು ಬಿಟ್ಟು ಮೂಲೆ ನೋಡು ಅಂದೆ. ಕಷ್ಟ ಅದು. ಫ್ರೆಡ್ಡಿ ಬಿಡೋದಿಲ್ಲ. ಆದರೂ ಐದು ನಿಮಿಷ ಆದ ಮೇಲೆ ಅವಳಿಗೆ ಸಿಕ್ಕಿತು. ಡ್ರಮ್ಮಿನ ಪಕ್ಕ ಒಬ್ಬ ಮುಂದಕ್ಕೆ ಎರಡು ಹೆಜ್ಜೆ, ಹಿಂದಕ್ಕೆ ಎರಡು ಹೆಜ್ಜೆ ಹಾಕುತ್ತಾ ತನ್ನ ಪಾಡಿಗೆ ತಾನು ಕುಣಿಯುತ್ತಿದ್ದಾನೆ. 1986ರ ಕಚೇರಿ ಅದು, ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮು, ಎದುರಿಗೆ ಜನಸಾಗರ. ಇವನು ಪುಟಾಣಿ ಚಡ್ಡಿ ಹಾಕಿಕೊಂಡು ಸ್ಟೇಜ್ ಹತ್ತಿದ್ದಾನೆ. ತಲೆ ಎತ್ತಿ ರೋಜರನ ಕಡೆ ನೋಡಿ ನಗುತ್ತಾನೆ. ಏನಕ್ಕೆ ಅಂತ ನಮಗೆ ಗೊತ್ತಾಗಲ್ಲ. ಅವರವರಲ್ಲೇ ಏನೋ ಕಿತಾಪತಿ. ಮಗಳು ಆಮೇಲೆ ಫ್ರೆಡ್ಡಿಯನ್ನು ನೋಡಲೇ ಇಲ್ಲ. ಕ್ಯಾಮೆರಾ ಬೇರೆ ಕಡೆ ತಿರುಗಿದರೆ 'ಥೂ' ಅನ್ನುತ್ತಿದ್ದಳು.

1991ರ ನವೆಂಬರ್ 24ರಂದು ಫ್ರೆಡ್ಡಿ ತೀರಿಕೊಂಡ. ಡೀಕಿ ಮತ್ತೆ ಬಹಳ ಸಲ ಸ್ಟೇಜ್ ಹತ್ತಲಿಲ್ಲ. 1997ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಎಲ್ಟನ್ ಜಾನ್ ಹಾಡುವಾಗ ಒಂದು ಹಾಡಿಗೆ ನುಡಿಸಿದ್ದೇ ಕೊನೆ. ಅದೇ ವರ್ಷ ಇನ್ನೊಂದು ಹಾಡಿನ ರೆಕಾರ್ಡಿಂಗ್ ಮುಗಿಸಿ ಮನೆ ಸೇರಿದ. ಆರು ಮಕ್ಕಳ ಮನೆ. 2001ರಲ್ಲಿ ಬ್ಯಾಂಡಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗಲೂ ಹೋಗಲಿಲ್ಲ. ಬ್ರಯಾನ್, ರೋಜರ್ ಬೇರೆ ಹಾಡುಗಾರರ ಜೊತೆ ಊರೂರು ತಿರುಗಿದರು. ಅದು ಅವರ ಇಷ್ಟ. ನನಗೇನೋ ಡೀಕಿ ಮಾಡಿದ್ದೇ ಸರಿ ಅನ್ನಿಸುತ್ತದೆ, ನೀವು ಒಪ್ಪದಿದ್ದರೆ ಚಹಾ ಕುಡಿಯುವಾಗ ಜಗಳ ಆಡೋಣ.

ಸಮಯ ಆಯ್ತು ಅಂತ ಸಂಘದವರು ಕೈ ತೋರಿಸುತ್ತಿದ್ದಾರೆ. ಒಂದೇ ಒಂದು ವಿಡಿಯೋ. 'ಐ ವಾಂಟ್ ಟು ಬ್ರೇಕ್ ಫ್ರೀ', 1984. ಬರೆದವನು ಡೀಕಿ. ನಾಲ್ವರೂ ಹೆಂಗಸರ ವೇಷ ಹಾಕಿದ್ದಾರೆ. ಫ್ರೆಡ್ಡಿ ಮೀಸೆ ಬಿಟ್ಟುಕೊಂಡೇ ಮನೆ ಗುಡಿಸುತ್ತಾನೆ, ಜನ ಅವನನ್ನೇ ನೋಡಿ ನಗುತ್ತಾರೆ. ನೀವು ಅವನನ್ನು ಬಿಡಿ. ಅಲ್ಲಿ ಕಪ್ಪು ಟೋಪಿ ಹಾಕಿಕೊಂಡು ಮೂತಿ ಊದಿಸಿರುವ ಒಬ್ಬ ಅಜ್ಜಿ ಇದ್ದಾಳೆ. ತಮ್ಮಾ, ಆ ದೀಪ ಸ್ವಲ್ಪ ಆರಿಸಪ್ಪ. ಅಜ್ಜಿಯನ್ನು ನೋಡಿ.