ಮೊದಲು ಊಹೆ ಕೇಳಿ, ಆಮೇಲೆ ಅಂಕಿ ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮೊದಲಿಗೆ ಒಂದು ಪ್ರಶ್ನೆ. ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಎಷ್ಟು ಮಕ್ಕಳು? ಮೂರಾ? ಎರಡೂವರೆಯಾ? ಇನ್ನೂ ಕಡಿಮೆಯಾ? ಪಕ್ಕದಲ್ಲಿ ಯಾರಾದರೂ ಇದ್ದರೆ ಅವರನ್ನೂ ಕೇಳಿ. ಒಂದು ಅಂಕಿಯನ್ನು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಇಟ್ಟುಕೊಂಡರೆ ಆಗುವುದಿಲ್ಲ, ಆಮೇಲೆ "ನಾನೂ ಅದನ್ನೇ ಅಂದುಕೊಂಡಿದ್ದೆ" ಅಂತೀರಿ.

ಹೇಳಿದಿರಾ? ಸರಿ. ಉತ್ತರ 1.7. ಇದು 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಇಡೀ ದೇಶಕ್ಕೆ ತೆಗೆದುಕೊಂಡರೆ 2.0. ಅಂದರೆ ನಮ್ಮ ರಾಜ್ಯದಲ್ಲಿ ಅಪ್ಪ ಅಮ್ಮ ಇಬ್ಬರ ಜಾಗಕ್ಕೆ ಇಬ್ಬರು ಮಕ್ಕಳೂ ಬರುತ್ತಿಲ್ಲ. ನಿಮ್ಮಲ್ಲಿ ಬಹಳ ಜನ ಇದಕ್ಕಿಂತ ದೊಡ್ಡ ಅಂಕಿ ಹೇಳಿರುತ್ತೀರಿ, ಅಲ್ವಾ?

ಇದನ್ನೇ ನಾನು "ರಾಜ್ಯದ ಒಟ್ಟು ಫಲವತ್ತತೆ ದರ 1.7" ಅಂತ ಸುಮ್ನೆ ಓದಿದ್ದರೆ ನೀವು ಇಷ್ಟು ಹೊತ್ತಿಗೆ ಬೇರೆ ಸ್ಟೇಷನ್‌ನಲ್ಲಿ ಹಾಡು ಕೇಳುತ್ತಿದ್ದಿರಿ. ಊಹೆ ಕೇಳಿದೆ, ಅದಕ್ಕೇ ನಿಂತಿರಿ. ಅಂಕಿಅಂಶಗಳನ್ನು ಮೊಬೈಲು, ವಿಡಿಯೊ, ಇಂಟರ್ನೆಟ್ ಮೂಲಕ ಕಥೆಯಾಗಿ ಜನರಿಗೆ ಮುಟ್ಟಿಸುವುದು ಹೇಗೆ ಅಂತ ಮಾತಾಡಿ ಎಂದು ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ನನ್ನ ಹತ್ತಿರ ಇರುವುದು ಒಂದೇ ಮಾತು. ಉತ್ತರ ಹೇಳುವ ಮುಂಚೆ ಊಹೆ ಕೇಳಿ. ಪಂಚಾಯಿತಿಯ ಪಿಡಿಒ ಇರಲಿ, ಆಶಾ ಕಾರ್ಯಕರ್ತೆ ಇರಲಿ, ಶಾಲೆಯ ಮೇಷ್ಟ್ರು ಇರಲಿ, ಊರಿನ ಸುದ್ದಿಗೆ ಯೂಟ್ಯೂಬ್ ಚಾನೆಲ್ ಮಾಡಿಕೊಂಡಿರುವ ಹುಡುಗರಿರಲಿ, ಎಲ್ಲರಿಗೂ ಇದೇ ಮಾತು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿ ತೋರಿಸಿದವರು ಹಾನ್ಸ್ ರೋಸ್ಲಿಂಗ್. ಸ್ವೀಡನ್ ದೇಶದ ಡಾಕ್ಟರು, 2017ರಲ್ಲಿ ತೀರಿಕೊಂಡರು. ಅವರಿಗೂ ನಮ್ಮ ಬೆಂಗಳೂರಿಗೂ ನಂಟಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. 1972ರಲ್ಲಿ ಅವರು ಇನ್ನೂ ವೈದ್ಯಕೀಯ ವಿದ್ಯಾರ್ಥಿ, ವಯಸ್ಸು 24. ಸಾರ್ವಜನಿಕ ಆರೋಗ್ಯದ ಬಗ್ಗೆ ಕಲಿಯೋಣ ಅಂತ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿಗೆ ಬಂದರು. ಮೊದಲ ದಿನದ ಕ್ಲಾಸು. ಮೂತ್ರಪಿಂಡದ ಎಕ್ಸ್‌ರೇ ತೋರಿಸುತ್ತಿದ್ದಾರೆ. ನೋಡಿದ ಕೂಡಲೇ ಇವರಿಗೆ ಅನಿಸಿತು, ಇದು ಕ್ಯಾನ್ಸರ್. ಆದರೆ ಬಂದ ದಿನವೇ ಜಂಬ ತೋರಿಸಬಾರದು, ಪಾಪ ಇಲ್ಲಿಯ ಹುಡುಗರಿಗೆ ಬೇಜಾರಾಗುತ್ತದೆ ಅಂತ ಬಾಯಿ ಮುಚ್ಚಿಕೊಂಡು ಕೂತರು. ಅಷ್ಟರಲ್ಲಿ ಒಂದೊಂದಾಗಿ ಕೈ ಮೇಲೆದ್ದವು. ಇದನ್ನು ಪತ್ತೆ ಮಾಡುವುದು ಹೇಗೆ, ದೇಹದಲ್ಲಿ ಎಲ್ಲೆಲ್ಲಿಗೆ ಹರಡುತ್ತದೆ, ಚಿಕಿತ್ಸೆ ಏನು ಅಂತ ನಮ್ಮ ಹುಡುಗ ಹುಡುಗಿಯರು ಅರ್ಧ ಗಂಟೆ ಉತ್ತರ ಕೊಟ್ಟರು. ರೋಸ್ಲಿಂಗ್‌ಗೆ ಗಾಬರಿ. ಎಲ್ಲೋ ತಪ್ಪು ಕೋಣೆಗೆ ಬಂದು ಕೂತಿದ್ದೇನೆ, ಇವರು ನಾಲ್ಕನೇ ವರ್ಷದವರಲ್ಲ, ತಜ್ಞ ವೈದ್ಯರು ಅಂದುಕೊಂಡರು. ಹೊರಗೆ ಬರುವಾಗ ಒಬ್ಬನನ್ನು ಕೇಳಿದರು, ನಾಲ್ಕನೇ ವರ್ಷದ ಕ್ಲಾಸು ಎಲ್ಲಿ? ಅವನು ಹೇಳಿದ, ಇದೇ, ನಾವೇ. ಅವರ ಪಠ್ಯಪುಸ್ತಕ ನನ್ನದಕ್ಕಿಂತ ಮೂರು ಪಟ್ಟು ದಪ್ಪ, ಅದನ್ನು ಓದಿದ್ದೂ ನನಗಿಂತ ಮೂರು ಪಟ್ಟು ಜಾಸ್ತಿ ಸಲ, ಅಂತ ರೋಸ್ಲಿಂಗ್ ಜೀವನವಿಡೀ ಹೇಳಿಕೊಂಡು ಬಂದರು. 2009ರಲ್ಲಿ ನಮ್ಮ ಮೈಸೂರಿಗೆ ಬಂದು, ಟೆಡ್ ಇಂಡಿಯಾ ಅನ್ನುವ ಭಾಷಣ ಸಮ್ಮೇಳನದ ವೇದಿಕೆಯ ಮೇಲೆ ನಿಂತು ಹೇಳಿದ್ದೂ ಈ ಬೆಂಗಳೂರಿನ ಮಾತನ್ನೇ. ಅಷ್ಟೇ ಅಲ್ಲ, ಭಾರತ ಮತ್ತು ಚೀನಾ ಆದಾಯದಲ್ಲಿ ಪಶ್ಚಿಮದ ದೇಶಗಳನ್ನು ಹಿಡಿಯುವುದು 2048ರ ಜುಲೈ 27ಕ್ಕೆ ಅಂತ ದಿನಾಂಕವನ್ನೇ ಕೊಟ್ಟುಬಿಟ್ಟರು. ಯಾಕೆ ಆ ದಿನ? ಅವತ್ತು ಅವರಿಗೆ ನೂರು ವರ್ಷ ತುಂಬಬೇಕಿತ್ತು!

ಇದನ್ನು ಯಾಕೆ ಇಷ್ಟು ಎಳೆದೆ ಅಂದರೆ, ನೋಡಿ, ಆ ಸ್ವೀಡನ್ ಹುಡುಗ ಕ್ಲಾಸಿಗೆ ಬರುವಾಗಲೇ ಒಂದು ಊಹೆ ಇಟ್ಟುಕೊಂಡು ಬಂದಿದ್ದ. ನಾನೇ ಮುಂದೆ, ಇವರು ಹಿಂದೆ. ಊಹೆ ಇತ್ತು, ಅದಕ್ಕೇ ಪೆಟ್ಟು ಬಿತ್ತು. "ಭಾರತದ ವೈದ್ಯಕೀಯ ಶಿಕ್ಷಣದ ಗುಣಮಟ್ಟ ಉತ್ತಮವಾಗಿದೆ" ಅಂತ ಒಂದು ವರದಿ ಕೊಟ್ಟಿದ್ದರೆ ಸ್ವೀಡನ್‌ಗೆ ವಿಮಾನ ಹತ್ತುವಷ್ಟರಲ್ಲಿ ಮರೆಯುತ್ತಿದ್ದ.

ಮುಂದೆ ಅವರು ಮೇಷ್ಟ್ರಾದಾಗ ಇದನ್ನೇ ಮಾಡಿದರು. ಶ್ರೀಲಂಕಾ, ಟರ್ಕಿ, ಈ ಎರಡರಲ್ಲಿ ಎಲ್ಲಿ ಮಕ್ಕಳು ಜಾಸ್ತಿ ಸಾಯುತ್ತಾರೆ? ಇಂಥ ಐದು ಜೋಡಿ ದೇಶಗಳನ್ನು ವಿದ್ಯಾರ್ಥಿಗಳ ಮುಂದಿಟ್ಟರು. ಸರಾಸರಿ ಸರಿ ಉತ್ತರ ಐದಕ್ಕೆ 1.8. ಎರಡು ದೇಶದ ಹೆಸರು ಬರೆದ ಎರಡು ಬಾಳೆಹಣ್ಣು ಇಟ್ಟರೆ ಚಿಂಪಾಂಜಿ ಕೂಡ ಎರಡೂವರೆ ಸರಿ ಮಾಡುತ್ತದೆ ಅಂತ ನಕ್ಕರು. ವೈದ್ಯಕೀಯದ ನೊಬೆಲ್ ಬಹುಮಾನ ನಿರ್ಧರಿಸುವ ಸಂಸ್ಥೆಯ ಪ್ರೊಫೆಸರುಗಳನ್ನೂ ಬಿಡಲಿಲ್ಲ, ಅವರದ್ದು ಚಿಂಪಾಂಜಿಗೆ ಸಮ. ದೊಡ್ಡವರೇ ತಪ್ಪಿದ್ದಾರೆ ಅಂತ ಗೊತ್ತಾದ ಮೇಲೆ ಕೇಳುವವರಿಗೆ ನಾಚಿಕೆ ಎಲ್ಲಿಂದ? ಆಮೇಲೆ ಪರದೆಯ ಮೇಲೆ ಗುಳ್ಳೆಗಳು ಓಡಾಡಲು ಶುರು. ಒಂದು ದೇಶಕ್ಕೆ ಒಂದು ಗುಳ್ಳೆ. ಜನ ಜಾಸ್ತಿ ಇದ್ದರೆ ಗುಳ್ಳೆ ದೊಡ್ಡದು. ವರ್ಷ ಉರುಳಿದಂತೆ ಅವು ದೊಡ್ಡ ಕುಟುಂಬ, ಚಿಕ್ಕ ಆಯಸ್ಸಿನ ಮೂಲೆಯಿಂದ ಚಿಕ್ಕ ಕುಟುಂಬ, ದೊಡ್ಡ ಆಯಸ್ಸಿನ ಕಡೆಗೆ ಸಾಗುತ್ತಿದ್ದವು, ಇವರು ಪಕ್ಕದಲ್ಲಿ ನಿಂತು ಕ್ರಿಕೆಟ್ ಕಾಮೆಂಟ್ರಿ ಥರ ಕೂಗುತ್ತಿದ್ದರು. ಆ ಸಾಫ್ಟ್‌ವೇರ್ ಮಾಡಿದ್ದು ಮಗ ಮತ್ತು ಸೊಸೆ. 2007ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಎಲ್ಲರೂ ಆ ಗುಳ್ಳೆಯನ್ನೇ ನಕಲು ಮಾಡಿದರು. ಪ್ರಶ್ನೆಯನ್ನು ನಕಲು ಮಾಡಿದವರು ಬಹಳ ಕಡಿಮೆ, ಅದು ನನ್ನ ಸಂಕಟ.

ಈಗ ಎಲ್ಲ ಇಲಾಖೆಗೂ ಒಂದು ಡ್ಯಾಶ್‌ಬೋರ್ಡ್ ಬೇಕು, ಅಂದರೆ ಅಂಕಿಗಳನ್ನೆಲ್ಲ ಒಟ್ಟಿಗೆ ತೋರಿಸುವ ಪರದೆ. ಬಣ್ಣ ಬಣ್ಣದ ಕಂಬಗಳು, ತಿರುಗುವ ಚಕ್ರಗಳು. ನೋಡುವವರು ಯಾರು ಸ್ವಾಮಿ? ಜನರಿಗೆ ಅಂಕಿ ಅರ್ಥವಾಗುವುದಿಲ್ಲ ಅಂತ ಅಧಿಕಾರಿಗಳು ಗೊಣಗುತ್ತಾರೆ. ಮಳೆಗಾಲದಲ್ಲಿ ಮಂಡ್ಯದ ಕಡೆ ಯಾವುದಾದರೂ ಟೀ ಅಂಗಡಿಯಲ್ಲಿ ಕೂತು ನೋಡಿ. "ಕಟ್ಟೆ ಎಷ್ಟಾಯ್ತು?" ಅನ್ನುವುದೇ ಮೊದಲ ಮಾತು. ಕನ್ನಂಬಾಡಿ ತುಂಬಿದರೆ 124.80 ಅಡಿ ಅನ್ನುವುದು ಅಲ್ಲಿ ಓದು ಬರದ ಅಜ್ಜನಿಗೂ ಗೊತ್ತು. ನಿನ್ನೆ ಕೊಡಗಿನಲ್ಲಿ ಮಳೆ ಜೋರಾಗಿತ್ತು, ಇವತ್ತು ಎರಡಡಿ ಏರಿರಬೇಕು ಅಂತ ಊಹೆ ಮಾಡಿಯೇ ಪೇಪರ್ ಬಿಡಿಸುತ್ತಾರೆ. ಜನ ದಡ್ಡರಲ್ಲ. ಉಳಿದ ಅಂಕಿಗಳ ಬಗ್ಗೆ ಅವರ ಊಹೆಯನ್ನು ಯಾರೂ ಕೇಳಿಲ್ಲ, ಅಷ್ಟೇ.

2015ರಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ವೆಬ್‌ಸೈಟಿನಲ್ಲಿ ಒಂದು ಖಾಲಿ ಚಾರ್ಟ್ ಹಾಕಿತು. ಅಪ್ಪ ಅಮ್ಮನ ಆದಾಯ ಏರಿದಂತೆ ಕಾಲೇಜಿಗೆ ಹೋಗುವ ಮಕ್ಕಳ ಪ್ರಮಾಣ ಹೇಗೆ ಏರುತ್ತದೆ, ನೀವೇ ಗೆರೆ ಎಳೆಯಿರಿ ಅಂದಿತು. ಎಳೆದ ಮೇಲೇ ನಿಜವಾದ ಗೆರೆ ಕಾಣುವುದು. ಅದು ಹೆಚ್ಚುಕಡಿಮೆ ನೇರ ಗೆರೆ, ಅಡಿಕೋಲಿಟ್ಟು ಎಳೆದ ಹಾಗೆ! ಊಹೆ ಕೇಳಿದರು, ಜನ ನಿಂತು ನೋಡಿದರು.

ಸಮಯ ಓಡುತ್ತಿದೆ. ಇಂಗ್ಲೆಂಡಿನ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ ಅವರ ಬಣ್ಣದ ಪಟ್ಟೆಗಳ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. ವರ್ಷಕ್ಕೊಂದು ಪಟ್ಟೆ, ತಣ್ಣಗಿದ್ದರೆ ನೀಲಿ, ಬಿಸಿಯಾದರೆ ಕೆಂಪು, ಒಂದೂ ಅಂಕಿ ಇಲ್ಲ. ಚೆನ್ನಾಗಿದೆ. ನಾನಾಗಿದ್ದರೆ ಕೊನೆಯ ಮೂವತ್ತು ಪಟ್ಟೆ ಮುಚ್ಚಿಟ್ಟು, ಬಣ್ಣ ನೀವೇ ಹಚ್ಚಿ ಅನ್ನುತ್ತಿದ್ದೆ.

ನೀವು ಮಾಡುವುದಾದರೆ ಸಾಫ್ಟ್‌ವೇರ್ ಏನೂ ಬೇಡ, ವಾಟ್ಸಾಪ್ ಸಾಕು. ಸಂಜೆ ಊರಿನ ಗ್ರೂಪಿಗೆ ಒಂದು ಪೋಲ್ ಹಾಕಿ. ಇಪ್ಪತ್ತು ವರ್ಷದ ಹಿಂದೆ ನಮ್ಮೂರ ಬೋರ್‌ವೆಲ್‌ಗೆ ನೀರು ಸಿಕ್ಕಿದ್ದು ಎಷ್ಟು ಅಡಿಗೆ, ಈ ವರ್ಷ ಎಷ್ಟಕ್ಕೆ? ಮೂರು ಉತ್ತರ ಕೊಡಿ, ನಾಲ್ಕು ಬೇಡ. ರಾತ್ರಿಯೆಲ್ಲ ಜಗಳ ಆಡಲಿ. ಯಾರಾದರೂ "ಸರಿ ಉತ್ತರ ಹೇಳಿ ಸಾರ್" ಅಂದರೆ ಹೇಳಬೇಡಿ. ಬೆಳಿಗ್ಗೆ ಉತ್ತರ ಕಳಿಸಿ, ಜೊತೆಗೆ ಬೋರ್ ಕೊರೆಸಿದ ರೈತರೊಬ್ಬರ ದನಿಯಲ್ಲಿ ಅರ್ಧ ನಿಮಿಷದ ಆಡಿಯೊ. ಪಿಡಿಎಫ್ ಮಾತ್ರ ದಯವಿಟ್ಟು ಕಳಿಸಬೇಡಿ, ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ನಕ್ಷೆಗಳ ವಿಷಯ ಹಾಗೇ ಉಳಿಯಿತು, ಇನ್ನೊಂದು ಸಲ ಕರೆದರೆ ಹೇಳುತ್ತೇನೆ. ನಮಸ್ಕಾರ.