ಮಲ್ಪೆಯಿಂದ ಬೋಟು ಹತ್ತುವವರಿಗೆ ಒಂದು ಮಾತು

ಕೇಳುಗರೆಲ್ಲರಿಗೂ ನಮಸ್ಕಾರ. ರಜೆ ಬಂತು ಅಂದರೆ ಮಲ್ಪೆಯಲ್ಲಿ ಜನವೋ ಜನ. ಬೋಟು ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ, ತೆಂಗಿನ ಮರದ ಕೆಳಗೆ ಒಂದಿಷ್ಟು ಹೊತ್ತು ಕೂತು, ನೀರಲ್ಲಿ ಆಡಿ, ಫೋಟೊ ತೆಗೆದುಕೊಂಡು ಸಂಜೆಯೊಳಗೆ ವಾಪಸ್. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಭೂವಿಜ್ಞಾನ ಪಾಠ ಮಾಡುವ ನಾನು ನಿಮ್ಮನ್ನು ಕೇಳಿಕೊಳ್ಳುವುದು ಒಂದೇ: ಅಲ್ಲಿನ ಕಲ್ಲು ನೋಡಿ.

1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದ ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ಮೊನ್ನೆ ಮೊನ್ನೆಯ ಮಾತಾಯಿತು. ಈ ಕಲ್ಲಿಗೆ 8 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು!

ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಅದೇ ಬೋಟಿನಲ್ಲಿ ಹಾವೇರಿ ಕಡೆಯ ಒಂದು ಕುಟುಂಬ ಇತ್ತು. ಉಳಿದವರೆಲ್ಲ ನೀರಿಗೆ ಓಡಿದರು, ಅಜ್ಜಿ ಮಾತ್ರ ಅಲ್ಲಿನ ಕಲ್ಲಿನ ಕಂಬಗಳ ಹತ್ತಿರ ನಿಂತುಬಿಟ್ಟರು. ಸಾಲುಸಾಲು ಕಂಬಗಳು, ಒಂದಕ್ಕೊಂದು ಅಂಟಿಕೊಂಡು, ಕೆಲವು ಆಳೆತ್ತರಕ್ಕೂ ಮೀರಿ ನಿಂತಿವೆ. "ಸರ, ಗುಡಿ ಕಟ್ಟಾಕ ಅಂತ ಕಡದು ಹಂಗ ಬಿಟ್ಟು ಹೋಗ್ಯಾರೇನ್ರಿ?" ಅಂತ ಕೇಳಿದರು. ಇಲ್ಲ ಅಜ್ಜಿ, ಇದನ್ನು ಯಾರೂ ಕಡಿದಿಲ್ಲ, ಭೂಮಿಯೊಳಗಿಂದ ಉಕ್ಕಿ ಬಂದ ಲಾವಾ ನಿಧಾನವಾಗಿ ಆರಿತು, ಆರುತ್ತಾ ಕುಗ್ಗಿತು, ಕುಗ್ಗಿದಾಗ ಬಿರುಕು ಬಿಟ್ಟಿತು, ಆ ಬಿರುಕು ಮೇಲಿಂದ ಕೆಳಗಿನವರೆಗೂ ಇಳಿಯಿತು ಅಂದೆ. ಅವರು ಸ್ವಲ್ಪ ಯೋಚಿಸಿ, "ಬ್ಯಾಸಿಗ್ಯಾಗ ನಮ್ಮ ಎರಿ ಹೊಲ ಬಿರಿತೈತಲ್ಲ, ಹಂಗ" ಅಂದರು. ತರಗತಿಯಲ್ಲಿ ಒಂದು ಗಂಟೆ ಕೊರೆದರೂ ಇಷ್ಟು ಚೆನ್ನಾಗಿ ಹೇಳಲು ಆಗುವುದಿಲ್ಲ. ಹೊಲದಲ್ಲಿ ನೀರು ಆರಿ ಮಣ್ಣು ಕುಗ್ಗುತ್ತದೆ, ಇಲ್ಲಿ ಕಾವು ಆರಿ ಕಲ್ಲು ಕುಗ್ಗಿದೆ, ಅಷ್ಟೇ ವ್ಯತ್ಯಾಸ. ಆಮೇಲೆ ಅಜ್ಜಿ ಒಂದು ಕಂಬದ ತಲೆಯ ಮೇಲೆ ಬೆರಳಾಡಿಸುತ್ತಾ ಮೂಲೆ ಎಣಿಸಿದರು. ಆರು. ಪಕ್ಕದ್ದು ಐದು. ಮೊಮ್ಮಕ್ಕಳನ್ನು ಕೂಗಿ ಕರೆದರು. ಏಳು ಮೂಲೆಯದು ಹುಡುಕುತ್ತೇವೆ ಅಂತ ಆ ಮಕ್ಕಳು ಎದ್ದುಬಿದ್ದು ಓಡಿದ್ದೇ ಓಡಿದ್ದು, ನನ್ನ ವಿದ್ಯಾರ್ಥಿಗಳೂ ಅವರ ಹಿಂದೆ! ಸಿಕ್ಕಿತು ಕೂಡ. ಬೋಟಿನವರು ಕರೆಯುವವರೆಗೂ ಒಬ್ಬರೂ ಕದಲಲಿಲ್ಲ.

ನೀವೂ ಅದನ್ನೇ ಮಾಡಿ. ಒಂದು ಕಂಬ ಹಿಡಿದು ಮೂಲೆ ಎಣಿಸಿ. ಆ ಲಾವಾ ಹರಿದ ಕಾಲಕ್ಕೆ ಇವತ್ತು ಆಫ್ರಿಕಾದ ಹತ್ತಿರ ಇರುವ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಹೊತ್ತಿನ ಬೆಂಕಿ ಇದು. ಸುಮ್ನೆ ಅಲ್ಲ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದು. ಅಂಥ ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ, ದಯವಿಟ್ಟು ಕೆತ್ತಬೇಡಿ.

ಸಮಯ ಆಗಿಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಅಲೆ ಬಡಿಯುವ ಕಡೆ ಪಾಚಿ ಕಟ್ಟಿರುತ್ತದೆ, ಕಾಲು ಜಾರುತ್ತದೆ, ಫೋಟೊಗೆ ಅಂತ ಅಂಚಿಗೆ ಹೋಗಬೇಡಿ. ಕಾವಲಿನವರು ಬೇಡ ಅಂದ ಜಾಗದಲ್ಲಿ ನೀರಿಗೆ ಇಳಿಯಲೇಬೇಡಿ. ಅಲ್ಲಿ ಜನವಸತಿ ಇಲ್ಲ, ಕುಡಿಯುವ ನೀರು ಒಯ್ಯಿರಿ, ಖಾಲಿ ಬಾಟಲಿ ವಾಪಸ್ ತನ್ನಿ. ಮಳೆಗಾಲದಲ್ಲಿ ಬೋಟು ಇರುವುದಿಲ್ಲ, ಉಳಿದ ದಿನಗಳಲ್ಲೂ ಕಡಲು ಒರಟಾಗಿದ್ದರೆ ಬಿಡುವುದಿಲ್ಲ, ಹಾಗಾಗಿ ದೂರದಿಂದ ಬರುವವರು ಮೊದಲೇ ವಿಚಾರಿಸಿಕೊಂಡು ಹೊರಡಿ. ಬೆಳಗಿನ ಬೋಟೇ ಹಿಡಿಯಿರಿ, ಕಲ್ಲು ಕಾಯುವ ಮೊದಲು ಬರಿಗೈಯಲ್ಲಿ ಮುಟ್ಟಿ ನೋಡಬಹುದು. ನಮಸ್ಕಾರ.