ಗೆಳೆಯನ ಫೋಟೊ ಪ್ರದರ್ಶನಕ್ಕೆ ಹೋದಾಗ

ಕೇಳುಗರಿಗೆ ನಮಸ್ಕಾರ.

ವಿಜಯಪುರದ ಕಾಲೇಜೊಂದರಲ್ಲಿ ನಿಮ್ಮ ಜೀವದ ಗೆಳೆಯ ತಾನು ತೆಗೆದ ಫೋಟೊಗಳ ಪ್ರದರ್ಶನ ಇಟ್ಟಿದ್ದಾನೆ ಅಂದುಕೊಳ್ಳಿ. ನೀವು ಹೋಗುತ್ತೀರಿ, ಒಂದು ಸುತ್ತು ಹಾಕುತ್ತೀರಿ, ‘ಭಾಳ ಛಲೋ ಬಂದಾವಲೇ’ ಅಂದು ಚಹಾ ಕುಡಿದು ಬರುತ್ತೀರಿ. ಅವನಿಗೆ ಖುಷಿಯೇನೋ ಆಗುತ್ತದೆ. ಆದರೆ ಎಲ್ಲಿ ಕೆಟ್ಟಿದೆ, ಯಾಕೆ ಕೆಟ್ಟಿದೆ ಎಂದು ಸಲಿಗೆಯಿಂದ ಹೇಳಬಲ್ಲವರು ಗೆಳೆಯರೇ. ಪರೀಕ್ಷಕರು ಅಂಕ ಹಾಕಿ ಹೊರಟುಬಿಡುತ್ತಾರೆ.

ಮೊದಲು ದೂರದಿಂದ ನೋಡಿ. ಚಿತ್ರದ ಕರ್ಣದ ಒಂದೂವರೆ ಪಟ್ಟು ದೂರ ನಿಂತರೆ ಇಡೀ ಚೌಕಟ್ಟು ಒಮ್ಮೆಗೇ ಕಣ್ಣಿಗೆ ಸಿಗುತ್ತದೆ. 12 ಇಂಚು ಅಗಲ, 18 ಇಂಚು ಉದ್ದದ ಪ್ರಿಂಟಿಗೆ ಅದು ಮೂರು ಅಡಿಗೆ ತುಸು ಕಡಿಮೆ.

ಆಮೇಲೆ ಹತ್ತಿರ ಹೋಗಿ. ಗೆರೆಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಕ್ಯಾಮೆರಾವನ್ನು ಬಯ್ಯಬೇಡಿ, ಫೈಲು ಪ್ರಿಂಟಿನ ಅಂಗಡಿಗೆ ಹೋದದ್ದು ಹೇಗೆ ಎಂದು ಕೇಳಿ. ಈ ಅಳತೆಗೆ ಇಂಚಿಗೆ 300 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆಗಳ ಲೆಕ್ಕದಲ್ಲಿ 5400 ಗುಣಿಸು 3600 ಪಿಕ್ಸೆಲ್ ಇದ್ದರೆ ಉತ್ತಮ. 200ರ ಲೆಕ್ಕಕ್ಕೆ ಇಳಿದರೂ ನಡೆದೀತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಬೇಕು, ಇಲ್ಲವೇ ಪೆನ್‌ಡ್ರೈವ್ ಒಯ್ಯಬೇಕು. ಗುಂಪಿನ ಚಿತ್ರದಲ್ಲಿ ಯಾರದೋ ತಲೆ ಅರ್ಧ ಹೋಗಿದೆಯೇ? ಮೊಬೈಲಿನ ಚಿತ್ರದ ಉದ್ದ-ಅಗಲದ ಪ್ರಮಾಣ ಸಾಮಾನ್ಯವಾಗಿ 4:3, ಈ ಕಾಗದದ್ದು 3:2. ಅಂಗಡಿಯವರು ಹೊಂದಿಸಲು ಕತ್ತರಿಸಿರುತ್ತಾರೆ. 12ಕ್ಕೆ 16ರ ಅಳತೆ ಕೇಳಿದ್ದರೆ ತಲೆ ಉಳಿಯುತ್ತಿತ್ತು.

ನಮ್ಮ ಊರಿನ ಪ್ರದರ್ಶನ ಎಂದಮೇಲೆ ಗೋಳಗುಮ್ಮಟ ಇರಲೇಬೇಕು. 44 ಮೀಟರ್ ವ್ಯಾಸದ ಗುಮ್ಮಟವನ್ನು ಚೌಕಟ್ಟಿನಲ್ಲಿ ಹಿಡಿಸಲು ಹುಡುಗರು ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆತ್ತುತ್ತಾರೆ. ಆಗ ಮೂಲೆಯ ಗೋಪುರಗಳು ಒಳಕ್ಕೆ ವಾಲಿ, ಕಟ್ಟಡ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಎದುರಿಗೇ ಹಿಂದೆ ಸರಿಯೋಣವೆಂದರೆ ವಸ್ತುಸಂಗ್ರಹಾಲಯವಿರುವ ನಗಾರಖಾನೆ ಅಡ್ಡ ಬರುತ್ತದೆ. ಉದ್ಯಾನದ ಮೂಲೆಗೆ ಹೋಗಿ, ಅಗಲ ಕೋನದ ಲೆನ್ಸಿನಲ್ಲಿ ಕ್ಯಾಮೆರಾವನ್ನು ನೆಲಕ್ಕೆ ಸಮನಾಗಿ ಹಿಡಿದು, ಕೆಳಗೆ ಹೆಚ್ಚಾಗಿ ಬಂದ ಹುಲ್ಲನ್ನು ಕತ್ತರಿಸುವುದು ಸರಿಯಾದ ದಾರಿ. ಬಾದಾಮಿಯ ಚಿತ್ರಗಳದ್ದು ಬೇರೆ ರೋಗ: ಬಣ್ಣ ಏರಿಸಿ ಏರಿಸಿ ಕೆಂಪು ಮರಳುಗಲ್ಲನ್ನು ಕುಂಕುಮದ ರಾಶಿಯಂತೆ ಮಾಡಿಡುತ್ತಾರೆ, ಉಳಿಯ ಗುರುತೆಲ್ಲ ಅದರಲ್ಲಿ ಮುಳುಗಿಹೋಗುತ್ತದೆ.

ಇವೆಲ್ಲ ಮುಂದಿನ ಸಲಕ್ಕೆ, ಜನರಿಲ್ಲದಾಗ ಹೇಳುವ ಮಾತು. ಅಂದೇ ತಿದ್ದಬಹುದಾದದ್ದನ್ನು ಮಾತ್ರ ತಕ್ಷಣ ಹೇಳಿ. ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಬೇಕು. ದೊಡ್ಡದು ಸಣ್ಣದು ಬೆರೆತಿದ್ದರೆ ಮೇಲಂಚನ್ನಲ್ಲ, ಮಧ್ಯಗಳನ್ನು ಸಾಲಾಗಿಸಿ. ಗಾಜಿನಲ್ಲಿ ಟ್ಯೂಬ್‌ಲೈಟು ಕಂಡರೆ ಆ ಒಂದು ದೀಪ ಆರಿಸಿ ನೋಡಿ, ಅಥವಾ ಚೌಕಟ್ಟಿನ ಮೇಲಂಚಿನ ಹಿಂದೆ ರಟ್ಟಿನ ತುಂಡು ಸಿಕ್ಕಿಸಿ ತುಸು ಮುಂದಕ್ಕೆ ಬಾಗಿಸಿ. ಡಬಲ್ ಟೇಪಿನ ಅಂಟು ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ, ಸುಣ್ಣದ ಗೋಡೆಯ ಪುಡಿಯನ್ನೂ ಕಿತ್ತುಕೊಂಡು ಬೀಳುತ್ತದೆ. ಮೊಳೆ, ದಾರವೇ ಭದ್ರ.

ಅಭಿಪ್ರಾಯದ ಪುಸ್ತಕದಲ್ಲಿ ಚಿತ್ರದ ಸಂಖ್ಯೆ ಹಾಕಿ ಬರೆಯಿರಿ. ಒಂದು ಚಿತ್ರ ಬೇಕೆನಿಸಿದರೆ ಗೆಳೆತನದ ಮೇಲೆ ಪುಕ್ಕಟೆ ಕೇಳಬೇಡಿ, ಪ್ರಿಂಟು, ಚೌಕಟ್ಟಿನ ಖರ್ಚು ಅವನ ಕಿಸೆಯದು. ದುಡ್ಡು ಕೊಟ್ಟು ಹೆಸರು ಬರೆಸಿ, ಕೊನೆಯ ದಿನ ಒಯ್ಯಿರಿ.

ನಮಸ್ಕಾರ.